ಕಾರ್ಡೆಂಡನ್‌ನ ಗೋಲ್‌ಕೀಪರ್

ಎಡಿನ್‌ಬರೋದಿಂದ ಉತ್ತರಕ್ಕೆ ಹೊರಟ ರೈಲು, 1890ರಲ್ಲಿ ತೆರೆದ ಕೆಂಬಣ್ಣದ ಫೋರ್ತ್ ಸೇತುವೆಯನ್ನು ದಾಟಿ ಫೈಫ್ ಸೀಮೆಗೆ ಕಾಲಿಡುತ್ತದೆ. ಅಲ್ಲಿ ಕಾರ್ಡೆಂಡನ್ ಎಂಬ ಸಣ್ಣ ಊರಿದೆ. ಕೋಟೆ ಕೊತ್ತಲ ನೋಡುವ ಆಸೆಯಿಂದ ಯಾರೂ ಇಲ್ಲಿ ಇಳಿಯಬೇಕಿಲ್ಲ. ಆದರೆ ಫುಟ್‌ಬಾಲ್ ಪ್ರೇಮಿಗಳು ಇಳಿಯುತ್ತಾರೆ. ಊರಿನ ಸ್ಮಶಾನದಲ್ಲಿ ಜಾನ್ ಥಾಮ್ಸನ್ ಎಂಬ ಗೋಲ್‌ಕೀಪರನ ಸಮಾಧಿಯಿದೆ. ತೀರಿಕೊಂಡಾಗ ಅವನಿಗೆ ಬರೀ 22 ವರ್ಷ.

1909ರಲ್ಲಿ ಹುಟ್ಟಿದ ಜಾನ್ ಬೆಳೆದದ್ದು ಇದೇ ಊರಿನಲ್ಲಿ. ಆಗ ಇಲ್ಲಿ ಕಲ್ಲಿದ್ದಲೇ ಬದುಕು. ತಂದೆಯ ಹಾಗೆ ಅವನೂ 14ನೇ ವಯಸ್ಸಿಗೆ ಬೋಹಿಲ್ ಗಣಿಗೆ ಇಳಿದ. ಬಿಡುವಿನಲ್ಲಿ ಊರ ತಂಡಗಳಿಗೆ ಆಡುತ್ತಿದ್ದ ಹುಡುಗನನ್ನು ಗ್ಲಾಸ್ಗೋದ ಸೆಲ್ಟಿಕ್ ಕ್ಲಬ್ಬು 1926ರಲ್ಲಿ ಕೇವಲ 10 ಪೌಂಡಿಗೆ ಸೇರಿಸಿಕೊಂಡಿತು. ಸೆಲ್ಟಿಕ್ ಐರಿಷ್ ಕ್ಯಾಥೊಲಿಕರು ಕಟ್ಟಿದ ಕ್ಲಬ್ಬು. ಜಾನ್ ಪ್ರಾಟೆಸ್ಟೆಂಟ್ ಮನೆಯ ಹುಡುಗ. ಚೆಂಡು ಹಿಡಿಯುವ ಕೈಗೆ ಜಾತಿಯೆಲ್ಲಿಯದು! 1927ರಲ್ಲಿ ಮತ್ತು 1931ರಲ್ಲಿ ಸ್ಕಾಟಿಷ್ ಕಪ್ ಗೆದ್ದ ತಂಡದಲ್ಲಿ ಅವನಿದ್ದ. ಸ್ಕಾಟ್ಲೆಂಡ್ ಪರವಾಗಿಯೂ 4 ಪಂದ್ಯ ಆಡಿದ.

ಮುನ್ನುಗ್ಗಿ ಬರುವವನ ಕಾಲಿಗೇ ಹಾರಿ ಚೆಂಡು ಕಿತ್ತುಕೊಳ್ಳುವುದು ಅವನ ವರಸೆ. 1930ರಲ್ಲಿ ಹಾಗೆ ಹಾರಿ ದವಡೆ, ಪಕ್ಕೆಲುಬು ಮುರಿದುಕೊಂಡ. ಇನ್ನು ಈ ಆಟ ಸಾಕೆಂದಳು ತಾಯಿ. ಗಣಿಯ ಕತ್ತಲೆಯಿಂದ ಪಾರಾಗಿ ಬಂದ ಮಗನಿಗೆ ಅಪಾಯ ಹಸಿರು ಮೈದಾನದಲ್ಲೂ ಕಾದಿತ್ತು. ಆದರೂ ಅವನು ಮತ್ತೆ ಗೋಲ್‌ಕಂಬಗಳ ನಡುವೆ ಬಂದು ನಿಂತ.

1931ರ ಸೆಪ್ಟೆಂಬರ್ 5. ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದಲ್ಲಿ ಬದ್ಧವೈರಿ ರೇಂಜರ್ಸ್ ಜೊತೆ ಪಂದ್ಯ. ನೋಡಲು ಸುಮಾರು 80,000 ಜನ. ದ್ವಿತೀಯಾರ್ಧದ ಮೊದಲ ನಿಮಿಷಗಳಲ್ಲಿ ರೇಂಜರ್ಸ್‌ನ ಸ್ಯಾಮ್ ಇಂಗ್ಲಿಷ್ ಚೆಂಡಿನೊಂದಿಗೆ ನುಗ್ಗಿದ. ಜಾನ್ ಎಂದಿನಂತೆ ಹಾರಿದ. ತಲೆ ಮೊಣಕಾಲಿಗೆ ಬಡಿಯಿತು. ರೇಂಜರ್ಸ್ ಅಭಿಮಾನಿಗಳ ಕೇಕೆ ಇನ್ನೂ ನಿಂತಿರಲಿಲ್ಲ. ಅವರದೇ ನಾಯಕ ಮೈಕಲ್‌ಜಾನ್ ಕೈಯೆತ್ತಿ ಸುಮ್ಮನಿರಲು ಸನ್ನೆ ಮಾಡಿದ. ಅದೇ ರಾತ್ರಿ ಆಸ್ಪತ್ರೆಯಲ್ಲಿ ಜಾನ್ ಕೊನೆಯುಸಿರೆಳೆದ.

ಅಂತ್ಯಕ್ರಿಯೆಗೆ ಈ ಸಣ್ಣ ಊರಿನಲ್ಲಿ ಸುಮಾರು 30,000 ಜನ ಸೇರಿದ್ದರು. ಕೆಲಸವಿಲ್ಲದೆ ಕೈ ಬರಿದಾಗಿದ್ದ ಎಷ್ಟೋ ಮಂದಿ ರೈಲಿಗೆ ಕಾಸಿಲ್ಲದೆ ಗ್ಲಾಸ್ಗೋದಿಂದ ಸುಮಾರು 55 ಮೈಲಿ ನಡೆದೇ ಬಂದರು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ವಿಚಾರಣೆಯಲ್ಲಿ ಇದು ಆಕಸ್ಮಿಕವೆಂದೇ ತೀರ್ಮಾನವಾಯಿತು. ಸ್ಯಾಮ್ ಆ ಋತುವಿನಲ್ಲಿ 44 ಲೀಗ್ ಗೋಲು ಹೊಡೆದು ರೇಂಜರ್ಸ್ ದಾಖಲೆ ಬರೆದ. ಆದರೂ ಎದುರಾಳಿ ಅಭಿಮಾನಿಗಳ ಮೂದಲಿಕೆ ಬೆನ್ನು ಬಿಡಲಿಲ್ಲ. 1932ರಲ್ಲಿ ರೇಂಜರ್ಸ್ ಬಿಟ್ಟ. 1938ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲೇ, ಆಟವನ್ನೇ ಬಿಟ್ಟ.

ಬೋಹಿಲ್ ಗಣಿ 1965ರಲ್ಲಿ ಮುಚ್ಚಿತು. 2008ರಲ್ಲಿ ಜಾನ್ ಹೆಸರು ಸ್ಕಾಟಿಷ್ ಫುಟ್‌ಬಾಲ್ ಗೌರವ ಪಟ್ಟಿಗೆ ಸೇರಿತು. ಮಕ್ಕಳನ್ನು ಮೈದಾನಕ್ಕೆ ಕಳಿಸುವ ಅಪ್ಪ ಅಮ್ಮಂದಿರು ಈ ಸಮಾಧಿಯ ಮುಂದೆ ನಿಂತರೆ ಮೊದಲು ನೆನಪಾಗುವವಳು ಜಾನ್‌ನ ತಾಯಿ. ಎದುರು ತಂಡದ ಆ ಹುಡುಗನನ್ನೂ ಒಂದು ಗಳಿಗೆ ನೆನೆಯಬೇಕು. ಅವನೂ ಯಾರದೋ ಮನೆಯ ಮಗನೇ.