ಹಿತ್ತಲಕ್ಕೆ ದಾರಿ

ಬೈಲಹೊಂಗಲದ ನಮ್ಮ ಹಿತ್ತಲನ್ನು ತೋಟ ಮಾಡುವ ಪ್ಲ್ಯಾನನ್ನು ಬೆಂಗಳೂರಿನಲ್ಲಿ ಕೂತೇ ಹಾಕಿದ್ದೆ. ಕರಿಬೇವು ಎಲ್ಲಿ, ಅವ್ವ ಕೂಡುವ ಕಟ್ಟೆ ಎಲ್ಲಿ, ಎಲ್ಲ ಇತ್ತು. ಹಳೇ ಮನೆಯ ಕಲ್ಲು-ಮಣ್ಣು ತೆಗೆಯುವ ಜೆಸಿಬಿ ಎಲ್ಲಿಂದ ಬರಬೇಕು ಅನ್ನೋದೊಂದೇ ಇರಲಿಲ್ಲ.

ಡ್ರೈವರ್ ಬಂದು ಮನೆ ಪಕ್ಕದ ಸಂದಿ ಅಳೆದ. ಐದಡಿ. “ಸರ, ಗಾಡೀನ ಏಳೂವರಿ ಫೂಟ್ ಐತ್ರಿ.” ಸಂದಿಯಲ್ಲಿ ಸೆಪ್ಟಿಕ್ ಟ್ಯಾಂಕಿನ ಸ್ಲ್ಯಾಬು ಬೇರೆ, ಏಳು ಟನ್ನಿಗೂ ಮೀರಿದ ಯಂತ್ರ ಅದರ ಮೇಲೆ ಹತ್ತಿದರೆ ಮುಗೀತು. ಚಿಕ್ಕ ಯಂತ್ರದ ಬಾಡಿಗೆ ಕೇಳಿ ಸುಮ್ಮನಾದೆ. ಎರಿ ಮಣ್ಣು, ಮಳೆ ಬಿದ್ದರೆ ಗಾಲಿ ಹೂತುಹೋಗುತ್ತವೆ. ಮಿರಗ ಹತ್ತಿರವಿತ್ತು.

ಉಳಿದದ್ದು ಪಕ್ಕದ ಮನೆ ಕಾಕಾನ ಖಾಲಿ ಜಾಗ. ನಡುವೆ, ಒಂದೂವರೆ ಅಡಿಗಾಗಿ ಜಗಳಾಡಿ ಎರಡು ವರ್ಷದ ಹಿಂದೆ ನಾನೇ ಕಟ್ಟಿಸಿದ ಕಂಪೌಂಡು. ಅವತ್ತಿನಿಂದ ಮಾತಿಲ್ಲ.

ಅವ್ವ ನನಗೇನೂ ಅನ್ನದೆ ಹೋಗಿ ಬಂದಳು. “ಬರ್ಲಿ ಅಂದಾರ. ಗ್ವಾಡಿ ಮಾತ್ರ ನೀನ ಒಡೀಬೇಕಂತ.”

ಹತ್ತಡಿ ಒಡೆಸಿದೆ. ಮುಂಜಾನೆ ಕಾಕಾ ಖುರ್ಚಿ ಹಾಕಿಕೊಂಡು ಕೂತು, “ಎಡಕ್ಕ ತಗೋ, ಎಡಕ್ಕ” ಅಂತ ಡ್ರೈವರನಿಗೆ ಹೇಳುತ್ತಿದ್ದರು. ನನ್ನ ಜೊತೆ ಮಾತಾಡಲಿಲ್ಲ. ನಮ್ಮನೆ ಚಹಾ ಎರಡು ಸಲ ಕುಡಿದರು.

ಗೋಡೆ ಇನ್ನೂ ಕಟ್ಟಿಸಿಲ್ಲ. ಕೆಂಪು ಮಣ್ಣಿನ ಟ್ರ್ಯಾಕ್ಟರ್ ಬರೋದೈತಿ ಅನ್ನೋದು ಅವ್ವನ ನೆಪ.