ಹಡಗು ಹೊರಡುವ ಹಾಗಿಲ್ಲ

ಕಂಬಿ ಬಿಡಬೇಡಿ. ಬಿಟ್ಟರೆ ಜಾರುತ್ತೀರಿ, ಜಾರಿದರೆ ನೇರ ಅರಬ್ಬಿ ಸಮುದ್ರಕ್ಕೆ.

2025ರ ಮೇ 24, ಶನಿವಾರ. ಮುಂಗಾರು ಈ ಸಲ ಎಂಟು ದಿನ ಮೊದಲೇ ಬಂದು ಇವತ್ತು ಕೇರಳ ಮುಟ್ಟಿದೆ. ನೀವು ನಿಂತಿರುವ ಎಂಎಸ್‌ಸಿ ಎಲ್ಸಾ 3 ತಿರುವನಂತಪುರದ ವಿಳಿಂಜಂ ಬಂದರು ಬಿಟ್ಟು ಕೊಚ್ಚಿಗೆ ಹೊರಟಿತ್ತು. ಕೊಚ್ಚಿ ಇನ್ನೂ 38 ನಾಟಿಕಲ್ ಮೈಲಿ ಇರುವಾಗ ಬಲಕ್ಕೆ ವಾಲಿದ್ದು ಮತ್ತೆ ಎದ್ದಿಲ್ಲ. 26 ಡಿಗ್ರಿ. ನಿಮ್ಮ ಬಲಗಾಲಿನ ಮೀನಖಂಡ ಸೆಡೆತು ಹೋಗಿದೆ. ಬಾಯಿ ತುಂಬ ಉಪ್ಪು, ಮೂಗಿಗೆ ಡೀಸೆಲ್ ವಾಸನೆ. ತಲೆಯ ಮೇಲೆ ಒಂದರ ಮೇಲೊಂದು ಪೇರಿಸಿದ ಕಂಟೇನರ್‌ಗಳು ಪ್ರತಿ ಅಲೆಗೂ ಕಿರುಗುಡುತ್ತವೆ.

ಹಡಗಿನಲ್ಲಿ 640 ಕಂಟೇನರ್‌ಗಳಿವೆ ಎಂಬುದು ನಿಮಗೆ ಗೊತ್ತು. 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇದೆ ಎಂಬುದೂ ಗೊತ್ತು. ಮಾವಿನಕಾಯಿಯನ್ನು ಬೇಗ ಹಣ್ಣು ಮಾಡಲು ಕದ್ದುಮುಚ್ಚಿ ಬಳಸುತ್ತಾರಲ್ಲ, ಅದೇ. ನೀರು ತಾಕಿದರೆ ಬೆಂಕಿ ಹೊತ್ತುವ ಅನಿಲ ಬಿಡುತ್ತದೆ. ಕೆಳಗೆ ಟ್ಯಾಂಕುಗಳಲ್ಲಿ 367 ಟನ್ ಫರ್ನೇಸ್ ಆಯಿಲ್, 84 ಟನ್ ಡೀಸೆಲ್.

ಕರಾವಳಿ ಕಾವಲು ಪಡೆಯ ವಿಮಾನ ತಗ್ಗಿನಲ್ಲಿ ಹಾರಿ ಜೀವರಕ್ಷಕ ತೆಪ್ಪಗಳನ್ನು ಉದುರಿಸುತ್ತದೆ. ಹಡಗಿನಲ್ಲಿ 24 ಜನ, ಹೆಚ್ಚಿನವರು ಫಿಲಿಪ್ಪೀನ್ಸ್‌ನವರು. ಕತ್ತಲಾಗುವ ಹೊತ್ತಿಗೆ 21 ಜನ ಪಾರಾಗಿದ್ದಾರೆ. ಉಳಿದವರು ಮೂವರು: ಕ್ಯಾಪ್ಟನ್, ಮುಖ್ಯ ಎಂಜಿನಿಯರ್, ಎರಡನೇ ಎಂಜಿನಿಯರ್. ಆ ಮೂವರಲ್ಲಿ ನೀವೂ ಒಬ್ಬರು ಎಂದುಕೊಳ್ಳಿ. ಇನ್ನೊಂದು ಹಡಗು ಬಂದು ಎಳೆದುಕೊಂಡು ಹೋಗಬಹುದು ಎಂಬ ಆಸೆ ಇನ್ನೂ ಇದೆ. ಒಳಗೆ ಯಾರಾದರೂ ಇರಬೇಕು. ಇರುತ್ತೀರಿ. ರಾತ್ರಿಯಿಡೀ ಮಳೆ, ರಾತ್ರಿಯಿಡೀ ಕಬ್ಬಿಣದ ನರಳಾಟ. ಬೆಳಗಾಗುತ್ತದೆ. ವಾಲುವಿಕೆ ಹೆಚ್ಚುತ್ತದೆ. ಒಂದು ಕಂಟೇನರ್ ಕಳಚುತ್ತದೆ. ಇನ್ನೊಂದು. ಇನ್ನು ಆಗದು. ಹೊರಡಿ. ನೌಕಾಪಡೆಯ ಐಎನ್‌ಎಸ್ ಸುಜಾತಾ ಮೂವರನ್ನೂ ಎತ್ತಿಕೊಳ್ಳುತ್ತದೆ. 7.50ರ ಹೊತ್ತಿಗೆ ಎಲ್ಸಾ ಇಲ್ಲ. ಬರೀ ನೀರು, ನೀರಿನ ಮೇಲೆ ಎಣ್ಣೆ, ತೇಲುವ ಪೆಟ್ಟಿಗೆಗಳು.

ಈಗ ದಡಕ್ಕೆ ಬನ್ನಿ. ಒಂದೆರಡು ದಿನಗಳಲ್ಲೇ ತಿರುವನಂತಪುರದ ಮರಳಿನ ಮೇಲೆ ಬಿಳಿ ಸಾಲೊಂದು ಬಂದು ಕೂತಿದೆ. ಬಗ್ಗಿ ಒಂದು ಹಿಡಿ ಎತ್ತಿ. ಸಾಬಕ್ಕಿಯಷ್ಟು ದಪ್ಪದ ಪ್ಲಾಸ್ಟಿಕ್ ಕಾಳುಗಳು, ಕಾರ್ಖಾನೆಯಲ್ಲಿ ಕರಗಿಸಿ ವಸ್ತು ಮಾಡುವುದಕ್ಕೆ ಮುಂಚಿನವು. ಬೆರಳಸಂದಿಯಿಂದ ಮರಳು ಜಾರುತ್ತದೆ, ಕಾಳು ಅಂಟಿಕೊಳ್ಳುತ್ತದೆ. ಸ್ವಯಂಸೇವಕರು ಗುಡಿಸಿ, ಜರಡಿ ಹಿಡಿದು ಚೀಲಕ್ಕೆ ತುಂಬುತ್ತಿದ್ದಾರೆ. ಮುಂದಿನ ಅಲೆ ಮತ್ತೊಂದು ಸಾಲು ಹಾಕಿ ಹೋಗುತ್ತದೆ.

ಮೀನು ಮಾರುವ ಚೇಚಿಯ (ಮಲಯಾಳದಲ್ಲಿ ಅಕ್ಕ) ಪಕ್ಕ ಕೂತು ನೋಡಿ. ಕೊಳ್ಳುವವರು ಬುಟ್ಟಿಗೆ ಇಣುಕುತ್ತಾರೆ, ಮೀನು ಮುಟ್ಟುತ್ತಾರೆ, ಕೈ ಹಿಂದಕ್ಕೆ ತೆಗೆಯುತ್ತಾರೆ. ವಿಷ ಸೇರಿದೆಯೇನೋ ಎಂಬ ಅನುಮಾನ ಸಾಕು, ಮಧ್ಯಾಹ್ನದ ಹೊತ್ತಿಗೆ ಐಸ್ ಕರಗಿ ಬುಟ್ಟಿಯ ತಳದಲ್ಲಿ ಕೆಂಪು ನೀರು ನಿಲ್ಲುತ್ತದೆ. ಮುಳುಗಿದ ಜಾಗದ ಸುತ್ತ ಬಲೆ ಹಾಕುವ ಹಾಗಿಲ್ಲ ಎಂಬ ಆದೇಶ ಬಂದಿದೆ. ಮೇ 29ರಂದು ಕೇರಳ ಸರ್ಕಾರ ಈ ದುರಂತವನ್ನು ರಾಜ್ಯ ವಿಪತ್ತು ಎಂದು ಘೋಷಿಸುತ್ತದೆ. ಮೀನುಗಾರ ಕುಟುಂಬಗಳಿಗೆ ಸದ್ಯಕ್ಕೆ 1,000 ರೂಪಾಯಿ, ಒಂದಿಷ್ಟು ಅಕ್ಕಿ.

ನಷ್ಟ ಯಾರನ್ನು ಕೇಳುವುದು? ಹಡಗು ಲೈಬೀರಿಯಾದ ಧ್ವಜದ್ದು, ಎಂಎಸ್‌ಸಿ ಕಂಪನಿಯ ಕೇಂದ್ರ ಜಿನೀವಾದಲ್ಲಿ. ಈ ವ್ಯಾಪಾರದಲ್ಲಿ ಒಂದೊಂದು ಹಡಗಿಗೂ ಒಂದೊಂದು ಕಂಪನಿ ಇರುವುದು ವಾಡಿಕೆ. ಮಾಲೀಕರ ಬಾಗಿಲು ತಟ್ಟಲು ಹೊರಟರೆ ಬಾಗಿಲೇ ಸಿಗದು. ಆದರೆ ಹಡಗು ಬಂದರಿಗೆ ಬಂದೇ ಬರಬೇಕು. ಹಾಗೆ ಬಂದಾಗ ಹಿಡಿದು ನಿಲ್ಲಿಸಿ ಎನ್ನುತ್ತದೆ 2017ರ ಅಡ್ಮಿರಾಲ್ಟಿ ಕಾಯ್ದೆ. ತಪ್ಪು ಮಾಡಿದ ಹಡಗು ಕಡಲ ತಳ ಸೇರಿದ್ದರೆ, ಅದೇ ಮಾಲೀಕರ ಇನ್ನೊಂದು ಹಡಗನ್ನೂ ಹಿಡಿಯಬಹುದು.

ಜುಲೈ 7. ಕೊಚ್ಚಿಯ ಹೈಕೋರ್ಟ್, ನ್ಯಾಯಮೂರ್ತಿ ಎಂ.ಎ. ಅಬ್ದುಲ್ ಹಕೀಂ ಅವರ ಪೀಠ. ಮೇಜಿನ ಮೇಲೆ ರಾಜ್ಯ ಸರ್ಕಾರದ ದಾವೆ: 9,531 ಕೋಟಿ ರೂಪಾಯಿ. ಅದರಲ್ಲಿ 8,626 ಕೋಟಿ ಪರಿಸರದ ಹಾನಿಗೆ, 378 ಕೋಟಿ ದುರಸ್ತಿಗೆ, 527 ಕೋಟಿ ಮೀನುಗಾರರಿಗೆ. ಸರಕು ಕಳೆದುಕೊಂಡ ಗೋಡಂಬಿ ಆಮದುದಾರರ ದಾವೆಗೆ ಜೂನ್‌ನಲ್ಲೇ ಎಂಎಸ್‌ಸಿ ಮಾನಸಾ ಎಫ್ ವಿಳಿಂಜಂನಲ್ಲಿ ನಿಂತಿತ್ತು. ಈಗಿನ ಮೊತ್ತ ಆ ದಾವೆಯ ಎಷ್ಟೋ ಪಟ್ಟು. ಆದೇಶ ಬರುತ್ತದೆ: ವಿಳಿಂಜಂನಲ್ಲಿರುವ ಎಂಎಸ್‌ಸಿ ಅಕಿಟೆಟಾ 2 ಅನ್ನು ಹಿಡಿದು ನಿಲ್ಲಿಸಿ. ಠೇವಣಿ ಇಡುವ ತನಕ ಹೊರಡುವ ಹಾಗಿಲ್ಲ.

ಆ ಆದೇಶದ ಭಾರ ತಿಳಿಯಬೇಕಾದರೆ ಅಕಿಟೆಟಾದ ಮೇಲೆ ನಿಲ್ಲಿ. ನೀವು ಎಲ್ಸಾವನ್ನು ಕಂಡವರೇ ಅಲ್ಲ. ಎಂಜಿನ್ ಸರಿಯಿದೆ, ಸಮುದ್ರ ತೆರೆದಿದೆ, ಬಂದರಿನ ಅನುಮತಿ ಮಾತ್ರ ಇಲ್ಲ. ಅದಿಲ್ಲದೆ ಒಂದು ಗೇಣು ಮುಂದೆ ಹೋಗುವಂತಿಲ್ಲ. ಇತರ ಹಡಗುಗಳು ಬಂದು ಸರಕು ಇಳಿಸಿ ಹೋಗುತ್ತವೆ. ಕಾದ ಕಬ್ಬಿಣದ ಬಿಸಿ ಚಪ್ಪಲಿ ದಾಟಿ ಅಂಗಾಲಿಗೆ ಬರುತ್ತದೆ. ಮನೆಯಿಂದ ಫೋನ್ ಬಂದರೆ ಯಾವಾಗ ಬರುತ್ತೀರಿ ಎಂಬ ಒಂದೇ ಪ್ರಶ್ನೆ. ಆದೇಶ ಬರೆಯುವವರ ಕೈಗೆ ಈ ಭಾರವೂ ತಾಗಬೇಕು. ತಾಗಿದ ಮೇಲೂ ಬರೆಯಬೇಕು. ಬೇರೆ ಹಿಡಿತ ಈ ದಡಕ್ಕೆ ಇಲ್ಲ.

ಹಡಗನ್ನು ತಡೆಯುವ ಅಸ್ತ್ರ ಬೇರೆ ಕಡೆಯೂ ಇದೆ. 2023ರ ಮಾರ್ಚ್‌ನಲ್ಲಿ ಮೆಕ್ಸಿಕೋದ ನೌಕಾಪಡೆ ಮತ್ತು ಪೊಲೀಸರು ಅಮೆರಿಕದ ವಲ್ಕನ್ ಮೆಟೀರಿಯಲ್ಸ್ ಕಂಪನಿಯ ಸ್ವಂತ ಬಂದರಿಗೆ ನುಗ್ಗಿದ ಮೇಲೆ, ಹಾಗೆ ಕಸಿದುಕೊಂಡ ಬಂದರನ್ನು ಬಳಸಿದ ಹಡಗುಗಳಿಗೆ ಅಮೆರಿಕದಲ್ಲಿ ಪ್ರವೇಶವಿಲ್ಲ ಎನ್ನುವ ಮಸೂದೆಯನ್ನು ಅಲ್ಲಿನ ಸೆನೆಟರ್‌ಗಳು ಮಂಡಿಸಿದರು. ಅಲ್ಲಿ ಬಂದರಿಗೆ ಒಡೆಯರಿದ್ದಾರೆ, ಕಾಗದಪತ್ರಗಳಿವೆ. ಇಲ್ಲಿ ಚೇಚಿಯ ಹೆಸರಿಗೆ ಸಮುದ್ರದ ಪಟ್ಟಾ ಇಲ್ಲ. ಆದರೂ ಕಸಿದುಕೊಂಡದ್ದು ಆಕೆಯ ದುಡಿಮೆಯನ್ನೇ. ಎಲ್ಸಾ ಮುಳುಗಿದ್ದು ದಡದಿಂದ 14.6 ನಾಟಿಕಲ್ ಮೈಲಿ ದೂರ, 12 ಮೈಲಿಯ ಪ್ರಾದೇಶಿಕ ಕಡಲಗಡಿಯಾಚೆ, ಹಾಗಾಗಿ ರಾಜ್ಯಕ್ಕೆ ಕೇಳುವ ಹಕ್ಕಿಲ್ಲ ಎಂದು ಕಂಪನಿ ವಾದಿಸಿತು. ಕಾಳುಗಳು ಆ ಗಡಿಯನ್ನು ಕೇಳಿ ಬಂದವೇ?

ಸೆಪ್ಟೆಂಬರ್ 25ರಂದು ನ್ಯಾಯಾಲಯ ಠೇವಣಿಯ ಮೊತ್ತವನ್ನು 1,227.62 ಕೋಟಿ ರೂಪಾಯಿಗೆ ನಿಗದಿ ಮಾಡುತ್ತದೆ. ಕೇಳಿದ್ದರ ಸುಮಾರು ಎಂಟನೇ ಒಂದು ಪಾಲು. ಆದರೂ ಜಿನೀವಾದ ಕಂಪನಿಯೊಂದು ವಿಳಿಂಜಂನ ಬುಟ್ಟಿಯೊಂದಕ್ಕೆ ಲೆಕ್ಕ ಕೊಡಬೇಕಾಗಿ ಬಂದದ್ದು ಹಡಗು ನಿಂತಿದ್ದರಿಂದ ಮಾತ್ರ.

ಇದು ನಮ್ಮ ಕರಾವಳಿಯ ಮಾತೂ ಹೌದು. 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ ಪ್ರಿನ್ಸೆಸ್ ಮಿರಾಲ್ ಹಡಗು ಮುಳುಗಿತು. ಎಲ್ಸಾ ಮುಳುಗಿದ ಎರಡು ವಾರಕ್ಕೆ ಕಣ್ಣೂರಿನಾಚೆ ವಾನ್ ಹೈ 503 ಹಡಗು ಹೊತ್ತಿ ಉರಿದಾಗ, ಬದುಕುಳಿದ 18 ಜನರನ್ನು ಮಂಗಳೂರಿಗೇ ತಂದರು. ಅದೇ 2017ರ ಕಾಯ್ದೆ ಕರ್ನಾಟಕ ಹೈಕೋರ್ಟ್‌ಗೂ ಹಡಗು ಹಿಡಿಯುವ ಅಧಿಕಾರ ಕೊಟ್ಟಿದೆ. ನಮ್ಮ ದಡಕ್ಕೆ ಇಂಥ ದಿನ ಬಂದರೆ, ಮೊದಲ ವಾರದಲ್ಲೇ ಮಲ್ಪೆಯ ಬೋಟುಗಳ, ಉಳ್ಳಾಲದ ನಾಡದೋಣಿಗಳ, ಬುಟ್ಟಿ ಹೊತ್ತ ಹೆಂಗಸರ ನಷ್ಟದ ಲೆಕ್ಕ ಬರೆದಿಟ್ಟು ನ್ಯಾಯಾಲಯಕ್ಕೆ ಹೋಗಬೇಕು. ಹಡಗು ಹೋದ ಮೇಲೆ ಕೇಳುವವರ ಮಾತು ಯಾರ ಕಿವಿಗೂ ಬೀಳುವುದಿಲ್ಲ.