ಮೂಲೆಯಿಂದ ಮೂಲೆಗೆ

ರಾಮದುರ್ಗದ ನಮ್ಮ ಮಾಮಾ ಆರು ತಿಂಗಳಿಂದ ಓದುವುದನ್ನು ಬಿಟ್ಟಿದ್ದರೆಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಚಹಾ ಕುಡಿದು ಪತ್ರಿಕೆಯನ್ನು ಮುಖದೆದುರು ಹಿಡಿದು ಕೂಡುವ ಪದ್ಧತಿ ಮಾತ್ರ ತಪ್ಪಿರಲಿಲ್ಲ. ತಾಸಾದರೂ ಪುಟ ಮಗುಚದ್ದನ್ನು ಕಂಡು ನನಗೆ ಸಂಶಯ ಬಂತು. ಮೂವತ್ತೈದು ವರ್ಷ ಹುಡುಗರಿಗೆ ‘ಓದು, ಓದು’ ಎಂದು ಗದರಿಸಿದ ಮಾಸ್ತರರು, “ಅಕ್ಷರ ಎಲ್ಲಾ ಇರಿವಿ ಸಾಲು ಆಗ್ಯಾವಪಾ” ಎಂದು ಒಪ್ಪಿಕೊಳ್ಳುವಾಗ ನನ್ನ ಕಡೆ ನೋಡಲಿಲ್ಲ.

ಬೈಲಹೊಂಗಲಕ್ಕೆ ಮರಳಿದವನೇ ಇ-ರೀಡರ್ ಕೊಳ್ಳಲು ನಿಶ್ಚಯಿಸಿದೆ. ಎಷ್ಟು ದೊಡ್ಡದು? ಕಿತ್ತೂರಿನ ಗೆಳೆಯನನ್ನು ಕೇಳಿದೆ. ಅವನು ದಿನಾಲು ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿಬರುವವನು. ಒಂದು ಕೈ ಬಸ್ಸಿನ ಸರಳಿಗೆ, ಇನ್ನೊಂದು ಇ-ರೀಡರಿಗೆ. “ಆರಿಂಚಿಂದು ತಗೋ, ಕಿಸೆದಾಗ ಕೂಡ್ತೈತಿ” ಎಂದ. ತೆಗೆದುಕೊಂಡೆ. ಓದುವವರು ಮಾಮಾ, ಕಿಸೆ ಗೆಳೆಯನದು ಎಂಬುದು ಆಗ ಹೊಳೆಯಲಿಲ್ಲ.

ಸವದತ್ತಿಯಲ್ಲಿ ರಾಮದುರ್ಗದ ಬಸ್ಸಿಗೆ ಕಾಯುತ್ತ ಬಿಸಿಲಿನಲ್ಲೇ ತೆರೆದು ನೋಡಿದೆ. ಫೋನಾಗಿದ್ದರೆ ನನ್ನ ಮುಖವೇ ಕಾಣುತ್ತಿತ್ತು. ಈ ಇ-ಇಂಕ್ ತೆರೆ ಕಾಗದದ ಜಾತಿಯದು. ಬಿಸಿಲು ಹೆಚ್ಚಿದಷ್ಟೂ ಅಕ್ಷರ ನಿಚ್ಚಳ. ಖುಷಿಯಾಯಿತು. ಆ ಖುಷಿ ರಾಮದುರ್ಗದವರೆಗೆ ಬಾಳಿತು.

ಮಾಮಾ ಅಕ್ಷರ ದೊಡ್ಡದು ಮಾಡಿಸಿದರು. ಇನ್ನೂ ದೊಡ್ಡದು ಮಾಡಿಸಿದರು. ಕೊನೆಗೆ ಸಾಲಿಗೆ ಎರಡೇ ಶಬ್ದ ಉಳಿದವು. ನಮ್ಮ ಕನ್ನಡವೋ ‘ಹೋಗಬೇಕಾಗಿತ್ತೆಂದು’ ಎಂಬಷ್ಟನ್ನೂ ಒಂದೇ ಶಬ್ದವಾಗಿ ಹೆಣೆಯುವ ಭಾಷೆ. ಸಾಲದ್ದಕ್ಕೆ ಒತ್ತಕ್ಷರಗಳಿಗೆ ಕೆಳಗೆ ಬೇರೆ ಜಾಗ ಬೇಕು. ಇಂಗ್ಲಿಷು ಕಾಲು ಚಾಚಿ ಕೂಡುವ ತೆರೆಯಲ್ಲಿ ಕನ್ನಡ ಮೊಣಕಾಲು ಮಡಿಚಿ ಕೂಡಬೇಕಾಗುತ್ತದೆ. ಮೇಲಾಗಿ ಅವರಿಗೆ ಬೇಕಾದದ್ದು ಗಳಗನಾಥರ ‘ಮಾಧವ ಕರುಣಾ ವಿಲಾಸ’. ಅಂಥ ಹಳೆಯ ಪುಸ್ತಕಗಳು ಸಾಮಾನ್ಯವಾಗಿ ಸಿಗುವುದು ಪುಟಗಳ ಚಿತ್ರವಾಗಿ, ಪಿಡಿಎಫ್ ರೂಪದಲ್ಲಿ. ಅದರಲ್ಲಿ ಅಕ್ಷರವನ್ನಷ್ಟೇ ಹಿಗ್ಗಿಸಲು ಬರುವುದಿಲ್ಲ. ಇಡೀ ಪುಟ ತೆರೆಯ ಅಳತೆಗೆ ಕುಗ್ಗಿ ಕೂಡುತ್ತದೆ. ಮತ್ತೆ ಇರುವೆಯ ಸಾಲು.

“ಆರಿಂಚು ಅಂದಿ, ಎಲ್ಲೈತಿ?” ಮಾಮಾ ಪಟ್ಟಿ ಹಿಡಿದು ಕೇಳಿದರು. ಮೂಲೆಯಿಂದ ಮೂಲೆಗೆ ಎಂದೆ. ನೇಕಾರರ ಊರಿನ ಮನುಷ್ಯ ನಕ್ಕುಬಿಟ್ಟರು. “ಸೀರಿ ಪನ್ನಾ ಯಾರರ ಮೂಲಿಯಿಂದ ಮೂಲಿಗೆ ಅಳೀತಾರೇನೋ?”

ಗಣಿತದ ಮಾಸ್ತರಿಕೆ ಎಚ್ಚೆತ್ತಿತು. ಬದಿಗಳು 3ಕ್ಕೆ 4ರಂತಿದ್ದರೆ, ಆರಿಂಚಿನ ಕರ್ಣಕ್ಕೆ ಅಗಲ 3.6, ಎತ್ತರ 4.8. ಹತ್ತಿಂಚಿನದಾದರೆ 6 ಮತ್ತು 8. ಕ್ಷೇತ್ರಫಲ ಹತ್ತಿರ ಹತ್ತಿರ ಮೂರು ಪಟ್ಟು! ರಟ್ಟು ಕತ್ತರಿಸಿ ಕಪಾಟಿನ ಪುಸ್ತಕಗಳ ಮೇಲೆ ಇಟ್ಟು ನೋಡಿದೆವು. ಡೆಮಿ ಅಳತೆಯ ಪುಸ್ತಕದ ಅಚ್ಚಿನ ಭಾಗವನ್ನೆಲ್ಲ ದೊಡ್ಡ ರಟ್ಟು ಮುಚ್ಚಿತು. ಸಣ್ಣದು ನಡುವೆ ಅಂಚೆಚೀಟಿಯಂತೆ ಕೂತಿತು. ಇಷ್ಟು ಸರಳ ಕೆಲಸವನ್ನು ದುಡ್ಡು ಕೊಡುವ ಮೊದಲು ಮಾಡಬಹುದಿತ್ತು.

ಆದರೆ ದೊಡ್ಡದು ನಾನೂರು ಗ್ರಾಮಿನ ಆಸುಪಾಸು ತೂಗುತ್ತದೆ. ಮಾಮಾನ ಕೈ ನಡುಗುತ್ತದೆ. ಏಳಿಂಚಿನದು ನೋಡೋಣವೇ ಎಂದು ಅನುಮಾನಿಸಿದೆ. “ಗಳಗನಾಥರು ಪುಸ್ತಕದ ಗಂಟು ತಾವೇ ಹೊತ್ತು ಊರೂರು ತಿರಿಗ್ಯಾರು. ನನಗ ಒಂದು ಪುಸ್ತಕ ಭಾರ ಆಕ್ಕೈತೇನು?” ಎಂದು ರೇಗಿದರು. ಮಾಮಿ ಏನೂ ಅನ್ನದೆ ದೇವರ ಕೋಣೆಯಿಂದ ವ್ಯಾಸಪೀಠ ತಂದು ಮುಂದಿಟ್ಟರು. ಅದರೊಂದಿಗೆ ತೂಕದ ಮಾತು ಮುಗಿಯಿತು.

ಆರಿಂಚಿನದು ಈಗ ನನ್ನ ಕಿಸೆಯಲ್ಲಿದೆ. ಕಿತ್ತೂರಿನ ಬಸ್ಸಿಗೆ ಅದರಷ್ಟು ಒಳ್ಳೆಯದಿಲ್ಲ. ಗೆಳೆಯ ಹೇಳಿದ್ದು ಸುಳ್ಳಲ್ಲ. ಮಾಮಾ ಮೊನ್ನೆ ಫೋನು ಮಾಡಿದ್ದರು. ಯಾರೋ ಪುಣ್ಯಾತ್ಮರು ಹಳೆಯ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ ಗೆರೆ ಎಳೆದಿದ್ದಾರಂತೆ. ಅದೂ ಚಿತ್ರದಲ್ಲಿ ಬಂದಿದೆ.

“ಅಳಸಲಿಕ್ಕೆ ಬರ್ತೈತೇನಪಾ?” ಎಂದು ಕೇಳಿದರು.